ನಮ್ಮೆಜಮಾನ್ರನ್ನು ತಿಂದವರು ಯಾರು?

ಫ್ರೆಂಚ್ ಕ್ರಿಯಾಪದಗಳಲ್ಲಿ ನೂರಕ್ಕೆ 90ರಷ್ಟು ಸಾಧು ಪ್ರಾಣಿಗಳು. ಕೊನೆಯಲ್ಲಿ 'ಇ-ಆರ್' ಇದ್ದರೆ ಹೆಚ್ಚುಕಡಿಮೆ ಮುಗೀತು, ಒಂದನ್ನು ಕಲಿತರೆ ಸಾವಿರ ಕಲಿತ ಹಾಗೆ. ಹೊಸದಾಗಿ ಹುಟ್ಟಿದವೂ ಅದೇ ಗುಂಪಿಗೆ ಸೇರುತ್ತವೆ. ಗೂಗಲ್ ಮಾಡೋದು 'ಗೂಗ್ಲೇ', ಲೈಕ್ ಒತ್ತೋದು 'ಲೈಕೇ'. ನಾವು ಫ್ರಾನ್ಸ್‌ನ ಟುಲೂಸ್‌ಗೆ ಬಂದ ಹೊಸದರಲ್ಲಿ ಟೀಚರ್ ಇಷ್ಟು ಹೇಳಿದ್ದೇ ತಡ, ನಮ್ಮೆಜಮಾನ್ರು "ಇಷ್ಟೇನಾ?" ಅಂತ ಕಾಲರ್ ಸರಿಮಾಡಿಕೊಂಡರು.

ತಕರಾರು ಇರೋದು ಉಳಿದ ಹತ್ತರಲ್ಲಿ. ಇರು, ಹೋಗು, ಬಾ, ಮಾಡು, ಹೇಳು, ಹೀಗೆ ಬೆಳಗಾದರೆ ಬೇಕಾಗುವವೆಲ್ಲ ಅಲ್ಲೇ ಕೂತಿವೆ. ಮನೆ ಹಿರಿಯರ ಹಾಗೆ, ನಿಯಮವೆಲ್ಲ ಬೇರೆಯವರಿಗೆ. 'ಆಲೇ' ಅಂದರೆ ಹೋಗೋದು. ನಾನು ಹೋಗೋದಾದರೆ 'ವೇ', ನಾವು ಹೋದರೆ 'ಆಲೋಂ', ನಾನೇ ನಾಳೆ ಹೋದರೆ 'ಇರೇ'. ಲ್ಯಾಟಿನ್‌ನ ಬೇರೆ ಬೇರೆ ಪದಗಳು ಬಂದು ಒಟ್ಟಿಗೆ ಸಂಸಾರ ಹೂಡಿದ್ದರಿಂದ ಹೀಗಂತೆ. ಹೂಡಲಿ ಬಿಡಿ, ಉರು ಹೊಡೆಯೋರು ನಾವು ತಾನೇ!

ಸಾಧುಗಳದ್ದೂ ಒಂದು ಕಿತಾಪತಿ ಇದೆ. 'ಪಾರ್ಲೇ' ಅಂದರೆ ಮಾತಾಡೋದು. ನಾನು, ನೀನು, ಅವನು, ಅವರು, ಎಲ್ಲರಿಗೂ ಬಾಯಲ್ಲಿ 'ಪಾರ್ಲ್'. ಬರೆಯುವಾಗ ಮಾತ್ರ ನೀನು ಬಂದರೆ ಕೊನೆಗೊಂದು ಎಸ್, ಅವರು ಬಂದರೆ ಎನ್-ಟಿ. ನುಡಿದಂತೆ ಬರೆಯುವ ನಮಗೆ ಇದು ಸುಮ್ನೆ ಇಂಕು ದಂಡ.

ಇನ್ನು ಭೂತಕಾಲ. ನಾನು ಮಾಡಿದ್ದನ್ನು ಹೇಳೋಕೆ ಬಹಳಷ್ಟು ಕ್ರಿಯಾಪದಗಳಿಗೆ ಮುಂದೆ 'ಜೇ' ಬರಬೇಕು. ಹೋಗು, ಬಾ, ಹುಟ್ಟು, ಸಾಯು ತರಹದ ಕೆಲವಕ್ಕೆ 'ಜು ಸ್ವಿ'. ನಮ್ಮೆಜಮಾನ್ರಿಗೆ ಗಟ್ಟಿಯಾಗಿ ಬರುತ್ತಿದ್ದದ್ದು 'ಹೋದೆ', 'ಬಂದೆ' ಮಾತ್ರ. ಒಂದು ಸಂಜೆ ಪಕ್ಕದ ಮನೆ ಅಜ್ಜಿ ಬಿಸಿಬಿಸಿ ಆಪಲ್ ಟಾರ್ಟ್ ಹಿಡಿದು ಬಾಗಿಲಿಗೆ ಬಂದರು. ಊಟ ಆಯ್ತು ಅನ್ನೋಕೆ ಇವರು ಹೊಟ್ಟೆ ಸವರಿಕೊಂಡು, "ಜು ಸ್ವಿ ಮಾಂಜೇ!" ಅಂದರು. ಅಂದರೆ, ನನ್ನನ್ನು ತಿಂದುಬಿಟ್ಟಿದ್ದಾರೆ.

ಅಜ್ಜಿ ಕನ್ನಡಕದ ಮೇಲಿನಿಂದ ಇವರನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಎಲ್ಲೂ ಕಚ್ಚಿದ ಗುರುತಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಪಾರ್ ಕೀ?" ಅಂದರು. ಯಾರು ತಿಂದದ್ದು?

ನಾನು ಟಾರ್ಟ್ ಇಸ್ಕೊಂಡು ಒಳಗೆ ಓಡಿದೆ.

ಇಲ್ಲೇ ಸ್ಕೂಲಿಗೆ ಹೋಗುವ ಮಗಳು ಈಗ ಅಪ್ಪನ ಫ್ರೆಂಚ್ ತಿದ್ದುತ್ತಾಳೆ. ಹಾಗಂತ ಅವಳದ್ದೂ ಪೂರ್ತಿ ಸರಿಯಿಲ್ಲ. 'ನೀವು ಹೇಳ್ತೀರಿ' ಅನ್ನೋಕೆ 'ವು ದೀತ್' ಅನ್ನಬೇಕು. ಇವಳು ನಿಯಮ ಹಿಡಿದು 'ವು ದೀಜೇ' ಅನ್ನುತ್ತಾಳೆ. ಇಲ್ಲಿನ ಮಕ್ಕಳೂ ಹಾಗೇ ಅನ್ನುತ್ತಾರೆ, ಪಾಪ. ಮೊನ್ನೆ ಊರಿಗೆ ವಿಡಿಯೊ ಕಾಲ್ ಮಾಡಿದಾಗ ಕನ್ನಡದಲ್ಲೂ ಶುರುವಾಯ್ತು.

"ಅಜ್ಜಿ, ನಾನು ಸೈಕಲ್‌ನಿಂದ ಬೀಳಿದೆ. ಜಾಸ್ತಿ ಅಳಿದೆ."

ಇವರಿಗೆ ಖುಷಿಯೋ ಖುಷಿ. "ಬಿದ್ದೆ, ಅತ್ತೆ ಅನ್ನಬೇಕು ಪುಟ್ಟಿ."

"ಹಾಡು, ಹಾಡಿದೆ. ಓಡು, ಓಡಿದೆ. ಬೀಳು ಮಾತ್ರ ಯಾಕೆ ಬಿದ್ದೆ? ಮತ್ತೆ ಅತ್ತೆ ಅಂದ್ರೆ ನಿನ್ನ ತಂಗಿ ಅಲ್ವಾ ಅಪ್ಪಾ?"

ಇವರು ಬಾಯಿ ತೆರೆಯುವಷ್ಟರಲ್ಲಿ ಫೋನಿನಿಂದ ನಮ್ಮತ್ತೆ ಗದರಿದರು. "ನೀನು ಸುಮ್ನಿರೋ. ಮಗುಗೆ ಎಲ್ಲಿ ಪೆಟ್ಟಾಗಿದೆ ನೋಡು ಮೊದಲು!"