ಹಕ್ಕಿ ತಿಂದಿರಬೇಕಂತೆ!

ಇನ್ನೂ ಮೈ ಉರಿಯುತ್ತಿದೆ. ಟ್ರಾಕ್ಟರ್‌ಗೆ ಬಿತ್ತನೆ ಯಂತ್ರ ಕಟ್ಟಿ ಮೆಕ್ಕೆಜೋಳ ಬಿತ್ತಿದ್ದೆ, ಸಾಲಿಗೊಂದು ಬೀಜದ ಪೈಪು. ಈಗ ಐದನೇ ಸಾಲು ಪೂರ್ತಿ ಬೋಳು. ನಾಲ್ಕನೇದು ಹುಟ್ಟಿದೆ, ಆರನೇದು ಹುಟ್ಟಿದೆ, ನಡುವೆ ಐದನೇದು ಈ ಬದುವಿನಿಂದ ಆ ಬದುವಿನ ತನಕ ಬರೀ ಮಣ್ಣು. ಟ್ರಾಕ್ಟರ್ ತಿರುಗಿ ಬಂದ ಕಡೆಯೂ ಅದೇ ಐದನೇದು. ಅದಕ್ಕೆ ಯಂತ್ರದವರ ಕಡೆಯ ಮಹಾಶಯ ಹೇಳಿದ್ದು, "ಹಕ್ಕಿ ತಿಂದಿರಬೇಕು ಯಜಮಾನ್ರೇ."

ಹಕ್ಕಿ! ಎಡಕ್ಕೆ ಬಲಕ್ಕೆ ಕೊಕ್ಕು ಹಾಕದೆ ದಾರ ಹಿಡಿದ ಹಾಗೆ ಒಂದೇ ಸಾಲು ತಿನ್ನುವ ಹಕ್ಕಿ. ಕೆದಕಿದ ಗುರುತು ಕೂಡ ಇಲ್ಲ. ತಿಂದಾದ ಮೇಲೆ ಮಣ್ಣು ಮುಚ್ಚಿಟ್ಟು ಹೋಗಿದೆ ಅಂತ ಕಾಣುತ್ತೆ, ಒಳ್ಳೇ ಸಂಸ್ಕಾರ.

ನಾನು ಮಂಡಿಯೂರಿ ಕೂತು ಆ ಸಾಲನ್ನು ಬೆರಳಲ್ಲಿ ಬಗೆಯುತ್ತಿದ್ದೆ. ಗೇಣು ಬಗೆದೆ, ಮಾರು ಬಗೆದೆ, ಒಂದು ಕಾಳೂ ಸಿಗಲಿಲ್ಲ. ಆತ ಬಗ್ಗಲೂ ಇಲ್ಲ. ಟ್ಯಾಬ್ ತೆಗೆದು ನನ್ನ ಮುಖದ ಮುಂದೆ ಹಿಡಿದ. ಎರಡು ಬೆರಳಲ್ಲಿ ಹೊಲದ ಬಿತ್ತನೆ ನಕ್ಷೆ ದೊಡ್ಡದು ಮಾಡಿದ. "ಈ ನೀಲಿ ಚುಕ್ಕೆ ಇದೆಯಲ್ಲ, ಅದು ನೀವು. ನಿಮ್ಮ ಕಾಲಡಿ ಎಲ್ಲಾ ಹಸಿರು. ಹಸಿರು ಅಂದರೆ ಬೀಜ ಬಿದ್ದಿದೆ." ಮಣ್ಣು ತೋರಿಸಿ, ಇಲ್ಲಿ ಎಲ್ಲಿದೆ ಹೇಳಪ್ಪ ಅಂದೆ. "ಡೇಟಾ ಸುಳ್ಳು ಹೇಳಲ್ಲ" ಅಂದ. ಹಾಗಾದರೆ ಸುಳ್ಳು ಹೇಳುತ್ತಿರೋದು ಯಾರು? ನಾನಾ, ಹೊಲಾನಾ? ಅಲ್ಲಿ ನಿಂತಿದ್ದ ನಮ್ಮವರೇ ಮಣ್ಣು ಬಿಟ್ಟು ಟ್ಯಾಬ್ ನೋಡೋಕೆ ಬಗ್ಗಿದರು. ಒಬ್ಬರು "ಹೌದಲ್ಲ, ಹಸಿರೇ ಇದೆ" ಅಂದರು. ಇನ್ನೊಬ್ಬರು ನಕ್ಕರು. ಉಗುರಿನ ತುಂಬ ಮಣ್ಣು ತುಂಬಿಕೊಂಡು ಅವರ ಕಾಲ ಬುಡದಲ್ಲಿ ಕೂತಿರುವ ನೀಲಿ ಚುಕ್ಕೆ ನಾನು. ಎದ್ದು ನಿಲ್ಲೋದಕ್ಕೂ ನಾಚಿಕೆ ಆಯಿತು. ನನಗ್ಯಾಕೆ ನಾಚಿಕೆ? ಅದೇ ಈಗ ಸಿಟ್ಟು ಬರುತ್ತಿರೋದು.

ಬಿತ್ತನೆ ದಿನದ ಕಥೆಯೇ ಬೇರೆ. ಪೈಪಿನಲ್ಲಿ ಬೀಜ ಎಣಿಸಿ ಆ ನಕ್ಷೆಗೆ ಹಸಿರು ಬಳಿಯೋದು ಒಂದು ಸೆನ್ಸರ್. ಅವತ್ತು ಇದೇ ಸೆನ್ಸರ್ ಬಾಯಿ ಮುಚ್ಚಿರಲಿಲ್ಲ. ಎರಡನೇ ಸಾಲಿನಲ್ಲಿ ಬೀಜ ಬೀಳುತ್ತಿಲ್ಲ ಅಂತ ಬೀಪ್. ಇಳಿ, ನೋಡು, ಬೀಜ ಸರಿಯಾಗಿ ಬೀಳುತ್ತಿದೆ. ಹತ್ತು, ಹೊರಡು, ಮತ್ತೆ ಬೀಪ್. ಕೊನೆಗೆ ನೋಡಿದರೆ ಸೆನ್ಸರ್ ಕಣ್ಣಿಗೆ ಧೂಳು. ಪೈಪಿನ ಒಂದು ಕಡೆ ಇನ್‌ಫ್ರಾರೆಡ್ ಬೆಳಕು, ಎದುರು ಕಡೆ ಅದನ್ನು ಹಿಡಿಯುವ ಕಣ್ಣು. ಬೀಜ ಹಾದು ಹೋದಾಗ ಬೆಳಕು ತಡೆಯುತ್ತೆ, ಅದು ಒಂದು ಎಣಿಕೆ. ಅಷ್ಟೇ ವಿದ್ಯೆ. ಎರಡು ಬೀಜ ಅಂಟಿಕೊಂಡು ಬಂದರೆ ಒಂದೇ ಅನ್ನುತ್ತೆ. ಬೀಜದ ಬಣ್ಣದ ಲೇಪ ಉದುರಿ ಚೂರಾಗಿ ಬಂದರೆ ಅದನ್ನೂ ಬೀಜ ಅಂತ ಎಣಿಸಬಹುದು.

ಇನ್ನೊಂದು ತಮಾಷೆ ಕೇಳಿ. ಬೀಜ ಸರಾಗ ಇಳಿಯಲಿ ಅಂತ ಪೆಟ್ಟಿಗೆಗೆ ಟಾಲ್ಕ್ ಪುಡಿ, ಗ್ರಾಫೈಟ್ ಪುಡಿ ಹಾಕಿ ಅಂತ ಇವರೇ ಹೇಳುತ್ತಾರೆ. ಆಮೇಲೆ ಸೆನ್ಸರ್ ಮೇಲೆ ಪುಡಿ ಕೂರೋಕೆ ಬಿಡಬೇಡಿ ಅಂತಾನೂ ಇವರೇ ಹೇಳುತ್ತಾರೆ. ಒಂದು ಉದ್ದ ಬ್ರಷ್ ಬೇರೆ ಕೊಟ್ಟಿದ್ದಾರೆ. ಧೂಳು ಲೆಕ್ಕಕ್ಕಿಡದೆ ರೇಡಿಯೋ ತರಂಗದಲ್ಲಿ ಎಣಿಸುವ ಸೆನ್ಸರ್ ಇದೆಯಲ್ಲ ಅಂದರೆ, ಅದು ಬೇರೆ ಮಾಡೆಲ್ ಅಂತೆ.

ಬ್ರಷ್ ಹಾಕೋಣ, ಅದೇನು ದೊಡ್ಡ ಕೆಲಸ ಅಲ್ಲ. ಯಂತ್ರ ಅಂದಮೇಲೆ ಇದ್ದದ್ದೇ. ಬೀಜದಿಂದ ಬೀಜಕ್ಕೆ 20 ಸೆಂ.ಮೀ., ಗಂಟೆಗೆ 8 ಕಿ.ಮೀ. ವೇಗ ಅಂದರೆ ಒಂದೊಂದು ಪೈಪಿನಲ್ಲಿ ಸೆಕೆಂಡಿಗೆ 11 ಬೀಜ. ಮನುಷ್ಯರ ಕಣ್ಣಿಗೆ ಆಗೋ ಕೆಲಸ ಅಲ್ಲ, ಒಪ್ಪಿದೆ. ಆದರೆ ಬೀಜ ಬೀಳುತ್ತಿದ್ದಾಗ ಅಷ್ಟೆಲ್ಲ ಕಿರುಚಿದ್ದು, ಬೀಳದೆ ಇದ್ದಾಗ ಹಸಿರು ಬಳಿದುಕೊಂಡು ಸುಮ್ನೆ ಕೂತಿದ್ದು ಯಾಕೆ?

ಇದನ್ನೇ ಆತನಿಗೆ ಕೇಳಿದೆ. ಸೆನ್ಸರ್ ಇರೋದು ಪೈಪಿನ ನಡುವೆ. ಅದರ ಕೆಳಗೆ ಪೈಪಿನ ಬಾಯಿಗೆ ಮಣ್ಣು ಕಚ್ಚಿಕೊಂಡರೆ? "ಬೀಜ ತುಂಬುತ್ತಾ ಸೆನ್ಸರ್ ತನಕ ಬರುತ್ತೆ, ಆಗ ಅಲಾರಂ ಹೊಡೆಯುತ್ತೆ." ಅಲ್ಲಿ ತನಕ ಎಣಿಸಿದ್ದೆಲ್ಲ ನಕ್ಷೆಯಲ್ಲಿ ಬಿತ್ತಿದ ಲೆಕ್ಕ ತಾನೇ? ಉತ್ತರ ಇಲ್ಲ. ಪೈಪು ಕೊಕ್ಕೆಯಿಂದ ಜಾರಿ ಬೀಜ ಸಾಲಿನ ಹೊರಗೆ, ಮಣ್ಣಿನ ಮೇಲೆ ಬಿದ್ದಿದ್ದರೆ? "ಅದು ಸೆನ್ಸರ್ ಕೆಲಸ ಅಲ್ಲ." ನೋಡಿ! ಹಾಗೆ ಮೇಲೆ ಬಿದ್ದಿದ್ದರೆ ಹಕ್ಕಿ ತಿಂದಿರಲೂಬಹುದು, ಸರಿ. ಆಗಲೂ ತಪ್ಪು ಹಕ್ಕಿಯದಾ?

ಯಾರಾದರೂ ಬಲ್ಲವರು ಹೇಳಿ. ಯಂತ್ರ ಮಾಡುವವರು, ಮಾರುವವರು, ಓಡಿಸುವವರು, ಯಾರಾದರೂ ಸರಿ. ಪೈಪಿನಲ್ಲಿ ಹಾದು ಹೋದ ಬೀಜಕ್ಕೆ "ಬಿತ್ತಿದ ಬೀಜ" ಅಂತ ಹಸಿರು ಬಳಿಯೋದು ಯಾವ ಲೆಕ್ಕ? ಪೈಪಿನಲ್ಲಿ ಇಷ್ಟು ಹೋಯಿತು, ಮುಂದಿನದು ನಮಗೆ ಗೊತ್ತಿಲ್ಲ ಅಂತ ಬರೆದರೆ ಇವರ ಗಂಟೇನು ಹೋಗುತ್ತೆ?

ನಾನೂ ಕಮ್ಮಿ ಇಲ್ಲ ಬಿಡಿ. ಕ್ಯಾಬಿನ್‌ನಲ್ಲಿ ಕೂತು ಸಾಲಿಗೊಂದು ಹಸಿರು ಗೆರೆ ಏಳೋದನ್ನು ನೋಡಿ ಎಷ್ಟು ಖುಷಿ ಪಟ್ಟಿದ್ದೆ ಅಂದರೆ, ಫೋಟೋ ತೆಗೆದು ಊರಿಗೆಲ್ಲ ಕಳಿಸಿದ್ದೆ. ಈಗ ಅದೇ ಫೋಟೋ ಅವರ ಕಡೆ ಸಾಕ್ಷಿ.

ಈಗ ಐದನೇ ಸಾಲಿಗೆ ಮತ್ತೆ ಬೀಜ ಹಾಕಿದರೂ ಉಳಿದ ಮೆಕ್ಕೆಜೋಳ ಅದಕ್ಕೆ ಕಾದು ಕೂರಲ್ಲ. ಅಕ್ಕಪಕ್ಕದ ಗಿಡ ಎತ್ತರ ಆಗಿ ನೆರಳು ಮಾಡುತ್ತೆ, ತಡವಾಗಿ ಹುಟ್ಟಿದ್ದು ಸೊರಗುತ್ತೆ. ಹಾಕದಿದ್ದರೆ ಆ ಜಾಗ ಕಳೆಗೆ. ಬಿಡಿ, ಹೋಗಲಿ. ಹೋಗಲಿ ಅಂದರೆ ಹೇಗೆ ಹೋಗಲಿ? ಇನ್ನೊಂದು ಹೊಲ ಬಿತ್ತೋದು ಬಾಕಿ ಇದೆ, ಯಂತ್ರ ಬೇರೆ ಇಲ್ಲ, ಇದನ್ನೇ ಹತ್ತಬೇಕು. ಈ ಸಲ ಸಾಲಿನ ಹಿಂದೆ ಒಬ್ಬರು ಮಣ್ಣು ಕೆದಕಿ ಕಾಳು ನೋಡುತ್ತಾ ಬರುತ್ತಾರೆ. ಆ ಬೀಪ್ ಪೂರ್ತಿ ಬಂದ್ ಮಾಡೋದು ಹೇಗೆ ಅಂತ ಗೊತ್ತಿದ್ದವರು ತಿಳಿಸಿ. ಸೆಟ್ಟಿಂಗ್‌ನಲ್ಲಿ ಕಮ್ಮಿ ಮಾಡೋದು ಮಾತ್ರ ಕಾಣುತ್ತಿದೆ.