ಗಾಳಿ ಬಿದ್ದಾಗ ಹಾಯಿದೋಣಿಯನ್ನು ತೂಗಾಡಿಸಬಹುದೇ? ಒಂದು ಸ್ಪಷ್ಟನೆ

ಹವ್ಯಾಸಿಗಳ ಹಾಯಿದೋಣಿ ಸ್ಪರ್ಧೆಗಳಲ್ಲಿ ಗಾಳಿ ಬಿದ್ದಾಗ ಸಿಬ್ಬಂದಿ ದೋಣಿಯನ್ನು ಅತ್ತಿತ್ತ ತೂಗಾಡಿಸಿ ಮುಂದೊಯ್ಯಬಹುದು, ನೀರಿನ ಮೇಲೆ ತೀರ್ಪುಗಾರರಿಲ್ಲದಿದ್ದರೆ ಅದಕ್ಕೆ ತಡೆಯಿಲ್ಲ ಎಂಬ ಮಾತು ಹೊಸದಾಗಿ ಸೇರುವವರ ನಡುವೆ ಹರಿದಾಡುತ್ತಿದೆ. ಇದು ತಪ್ಪು.

ಹಾಯಿದೋಣಿ ಕ್ರೀಡೆಯ ಜಾಗತಿಕ ಆಡಳಿತ ಸಂಸ್ಥೆಯಾದ ವರ್ಲ್ಡ್ ಸೇಲಿಂಗ್ ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಿಸುವ ಸ್ಪರ್ಧಾ ನಿಯಮಗಳ 42ನೆಯ ನಿಯಮದಂತೆ ದೋಣಿಯು ಗಾಳಿ ಮತ್ತು ನೀರಿನ ಬಲದಿಂದಲೇ ಚಲಿಸಬೇಕು. ಸಿಬ್ಬಂದಿ ಹಾಯಿಯನ್ನೂ ದೋಣಿಯ ಓರೆಯನ್ನೂ ಸರಿಹೊಂದಿಸಬಹುದೇ ಹೊರತು ಮೈಯನ್ನು ಆಡಿಸಿ ದೋಣಿಯನ್ನು ತಳ್ಳುವಂತಿಲ್ಲ. ಪದೇ ಪದೇ ತೂಗಾಡಿಸುವುದು, ಹಾಯಿಯನ್ನು ಬೀಸಣಿಗೆಯಂತೆ ಬೀಸುವುದು ಎರಡೂ ನಿಷಿದ್ಧ.

ಗೊಂದಲಕ್ಕೆ ಕಾರಣ ಬಹುಶಃ ಒಂದು ವಿನಾಯಿತಿ. ದಿಕ್ಕು ಬದಲಿಸುವಾಗ ಸಿಬ್ಬಂದಿ ಒಂದು ಬದಿಯಿಂದ ಮತ್ತೊಂದಕ್ಕೆ ಸರಿದು ದೋಣಿಯ ಹೊರಳನ್ನು ಹೆಚ್ಚಿಸಬಹುದು, ಆದರೆ ತಿರುವು ಮುಗಿದ ಕೂಡಲೇ ದೋಣಿಯ ವೇಗವು ತಿರುಗದೆ ಇದ್ದಿದ್ದರೆ ಇರುತ್ತಿದ್ದುದಕ್ಕಿಂತ ಹೆಚ್ಚಿರಬಾರದು. ದಡದಿಂದ ನೋಡುವವರಿಗೆ ಇದೂ ತೂಗಾಟವಾಗಿಯೇ ಕಾಣುವುದು ಸಹಜ.

ಕೆಲವು ವರ್ಗದ ದೋಣಿಗಳ ನಿಯಮಗಳು ನಿಗದಿತ ವೇಗವನ್ನು ಮೀರಿದ ಗಾಳಿಯಲ್ಲಿ ಈ ನಿರ್ಬಂಧವನ್ನು ಸಡಿಲಿಸುತ್ತವೆ. ಅಂದರೆ ಸಡಿಲಿಕೆ ಇರುವುದು ಗಾಳಿ ಚೆನ್ನಾಗಿ ಬೀಸುವಾಗ, ವದಂತಿ ಹೇಳುವಂತೆ ನಿಶ್ಚಲ ಗಾಳಿಯಲ್ಲಲ್ಲ.

ನೀರಿನ ಮೇಲೆಯೇ ಹಳದಿ ಬಾವುಟ ತೋರಿಸಿ ದಂಡ ವಿಧಿಸಲು ಅವಕಾಶ ಕೊಡುವ, ಇದೇ ಸ್ಪರ್ಧಾ ನಿಯಮಗಳ 'ಪಿ' ಅನುಬಂಧವು ಆಯೋಜಕರು ಪ್ರಕಟಿಸಿದಾಗ ಮಾತ್ರ ಅನ್ವಯಿಸುತ್ತದೆ ಎಂಬುದು ನಿಜ. ಆದರೆ ಆ ಅನುಬಂಧ ಇಲ್ಲದಲ್ಲಿಯೂ 42ನೆಯ ನಿಯಮ ಊರ್ಜಿತವಾಗಿಯೇ ಇರುತ್ತದೆ, ಮತ್ತು ಅದನ್ನು ಮುರಿದ ದೋಣಿಯ ವಿರುದ್ಧ ಎದುರಾಳಿ ದೋಣಿಯು ಆಕ್ಷೇಪಣೆ ಸಲ್ಲಿಸಬಹುದು.