ಮಂಟಪದ ಸೇವಾ ಪುಸ್ತಕ

ಸರ್ಕಾರಿ ನೌಕರರಿಗೆ ಇರುವಂತೆ ಹಂಪಿಯ ಸಾಲುಮಂಟಪಕ್ಕೂ ಒಂದು ಸೇವಾ ಪುಸ್ತಕ ತೆರೆದಿದ್ದರೆ, ಮೊದಲ ಪುಟ ತುಂಬಿಸಲು ಪೋರ್ಚುಗಲ್ಲಿನ ಪ್ರವಾಸಿ ಡೊಮಿಂಗೊ ಪಾಯೆಸ್‌ನನ್ನೇ ಕರೆಯಬೇಕಿತ್ತು. 1520ರ ಸುಮಾರಿಗೆ ಬಂದ ಆತ ವಿರೂಪಾಕ್ಷ ಗುಡಿಯ ಮುಂದಿನ, ಈ ಮಂಟಪವಿರುವ ಬೀದಿ ನೋಡಿ, ಚಂದದ ಮನೆಗಳಿವೆ, ಮೊಗಸಾಲೆಗಳಿವೆ, ಯಾತ್ರಿಕರು ಅಲ್ಲೇ ತಂಗುತ್ತಾರೆ ಎಂದು ಬರೆದಿಟ್ಟ. ಹುದ್ದೆ: ಛತ್ರ. ಕರ್ತವ್ಯ: ಬಂದವರಿಗೆ ನೆರಳು.

1565ರಲ್ಲಿ ವಿಜಯನಗರದ ರಾಜಧಾನಿಯೇ ಹಾಳಾಯಿತು. ಕಂಬಗಳಿಗೆ ಯಾರೂ ವರ್ಗಾವಣೆ ಆದೇಶ ಕೊಡಲಿಲ್ಲ, ನಿಂತಲ್ಲೇ ನಿಂತವು.

ಮುಂದೆ ಜನ ಬಂದು ಕಂಬ ಕಂಬದ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿದರು, ಬಾಗಿಲಿಟ್ಟರು, ಸುಣ್ಣ ಬಳಿದರು. ಒಂದು ಅಂಕಣದಲ್ಲಿ ಇಡ್ಲಿ ಹಬೆ, ಪಕ್ಕದ್ದರಲ್ಲಿ ಎಸ್‌ಟಿಡಿ ಬೂತು, ಅದರಾಚೆ ಬಾಡಿಗೆ ಸೈಕಲ್ಲು. ವಿದೇಶಿಯರಿಗೆಂದೇ ಹೊಲಿದ ದೊಗಳೆ ಪೈಜಾಮಗಳು ರಾಯರ ಕಾಲದ ಕಂಬಕ್ಕೆ ತೂಗಾಡುತ್ತಿದ್ದವು. ಕಂಬಕ್ಕೆ ಹಗ್ಗ ಬಿಗಿದಿದ್ದು, ಒಲೆಯ ಮಸಿ ಚಾವಣಿಗೆ ಹತ್ತಿದ್ದು ತಪ್ಪೇ, ವಾದವಿಲ್ಲ. ಆದರೆ ಸೋರಿದರೆ ಬಕೆಟ್ ಇಡುವವರು, ಕಲ್ಲು ಅಲುಗಿದರೆ "ಏ, ಹುಷಾರು!" ಎಂದು ಕೂಗುವವರು ರಾತ್ರಿ-ಹಗಲು ಅಲ್ಲೇ ಇರುತ್ತಿದ್ದರು. ಸಂಬಳವಿಲ್ಲದ ಕಾವಲುಗಾರರು.

1986ರಲ್ಲಿ ಹಂಪಿ ವಿಶ್ವ ಪರಂಪರೆಯ ತಾಣವಾಯಿತು. ಆಮೇಲೆ ನಿಧಾನಕ್ಕೆ ಬೆಳಕಿಗೆ ಬಂದ ಸತ್ಯವೆಂದರೆ, ಪರಂಪರೆಗೆ ಇರುವ ಅತಿ ದೊಡ್ಡ ಅಪಾಯ ಅದರೊಳಗೆ ಅನ್ನ ಬೇಯಿಸುವ ಜನ. 2011ರ ಜುಲೈನಲ್ಲಿ ಗೋಡೆಗಳಿಗೆ ಕೆಂಪು ಗುರುತು ಬಿತ್ತು, ಬೆನ್ನಿಗೇ ಜೆಸಿಬಿ ಬಂತು. ಪರಂಪರೆಯನ್ನು ನಾಜೂಕಾಗಿ ಉಳಿಸಲು ಜೆಸಿಬಿಗಿಂತ ಮಿಗಿಲಾದ ಉಪಕರಣ ಇನ್ನೂ ಬಂದಿಲ್ಲ. ಮನೆ ಕಳೆದುಕೊಂಡವರಿಗೆ ಹತ್ತಿರದ ಹಳ್ಳಿ ಕಡ್ಡಿರಾಂಪುರದ ದಾರಿ ತೋರಿಸಲಾಯಿತು.

ಅಂದಿನಿಂದ ಮಂಟಪಕ್ಕೆ ಬಡ್ತಿ. ಹುದ್ದೆ: ಸ್ಮಾರಕ. ಕರ್ತವ್ಯ: ಏನೂ ಇಲ್ಲ. ಇನ್ನು ಮೇಲೆ ಅದು ಖಾಲಿ ಇರಬೇಕು, ಕಾಣಬೇಕು, ಫೋಟೊಕ್ಕೆ ಸಿಗಬೇಕು. ಹೆಸರು ಮಾತ್ರ ಈಗಲೂ ವಿರೂಪಾಕ್ಷ ಬಜಾರು. ಬಜಾರಿನಲ್ಲಿ ಅಂಗಡಿ ಇಟ್ಟರೆ ಬಜಾರಿನ ಐತಿಹಾಸಿಕತೆಗೆ ಧಕ್ಕೆ!

ಹಂಪಿ ಉತ್ಸವ ಬಂದರೆ ವಿಷಯ ಬೇರೆ. ಬೀದಿಯ ಪೂರ್ವದ ತುದಿಗಿರುವ ಎದುರು ಬಸವಣ್ಣನ, ಅಂದರೆ ದೊಡ್ಡ ಕಲ್ಲಿನ ನಂದಿಯ, ಬಳಿ ವೇದಿಕೆ ಕಟ್ಟಬಹುದು, ಆಳೆತ್ತರದ ಸ್ಪೀಕರ್ ನಿಲ್ಲಿಸಬಹುದು, ಗಣ್ಯರಿಗೆ ಸೋಫಾ ಹಾಕಬಹುದು. ಇಡ್ಲಿಯ ಹಬೆಗೆ ಕರಗುವ ಕಲ್ಲು ಡೊಳ್ಳು-ಡಿಜೆಗೆ ಜಪ್ಪಯ್ಯ ಅನ್ನುವುದಿಲ್ಲ. ಭೂವಿಜ್ಞಾನಿಗಳು ಗಮನಿಸಬೇಕು.

2024ರ ಮೇ ತಿಂಗಳಲ್ಲಿ ಒಂದು ಮಳೆ ಬಂತು. ಸಾಲುಮಂಟಪದ ಒಂದು ಭಾಗ ಕುಸಿದು ಬಿತ್ತು. ಇಡ್ಲಿಯವರನ್ನು ದೂರೋಣವೆಂದರೆ ಅವರು ಜಾಗ ಬಿಟ್ಟು ಹದಿಮೂರು ವರ್ಷವಾಗುತ್ತ ಬಂದಿತ್ತು. ಅನಿವಾರ್ಯವಾಗಿ ಮಳೆಯನ್ನೇ ಹಿಡಿಯಬೇಕಾಯಿತು. ಸೇವಾ ಪುಸ್ತಕದಲ್ಲಿ ಇದನ್ನು ಸ್ವಯಂ ನಿವೃತ್ತಿ ಎನ್ನಬೇಕೋ ಅನಧಿಕೃತ ಗೈರುಹಾಜರಿ ಎನ್ನಬೇಕೋ ಗುಮಾಸ್ತರೇ ಹೇಳಬೇಕು.

ಇಷ್ಟಾದರೂ ಜಾತ್ರೆಗೆ ಬರುವ ಹಳ್ಳಿಯವರಿಗೆ ಬಡ್ತಿಯ ಸುದ್ದಿ ಮುಟ್ಟಿಲ್ಲ. ತೇರು ನೋಡಿ, ರೊಟ್ಟಿಗಂಟು ಬಿಚ್ಚಿ, ನೆರಳು ಕಂಡಲ್ಲಿ ಕಂಬಳಿ ಹಾಸಿಬಿಡುತ್ತಾರೆ. ಇಂಥವರನ್ನೇ ಪಾಯೆಸ್ ಯಾತ್ರಿಕರು ಎಂದು ಬರೆದುಕೊಂಡಿದ್ದ. ಈಗಿನ ಕಡತದ ಪ್ರಕಾರ ಅವರು ಅತಿಕ್ರಮಣದಾರರು.